ಹುಲ್ಲಿಗೆ ಸಂಜೆಯ ನೀರು

ಅಪ್ಪಾ,

ನೀನು ಬೆಳೆಸಿದ ಹುಲ್ಲುಹಾಸಿನಲ್ಲಿ ತಟ್ಟೆಯಗಲದ ಕಂದು ಕಲೆಗಳು ಎದ್ದಿವೆ. ಸೆಕೆಗೆ ಒಣಗುತ್ತಿದೆಯೆಂದು ನಾನು ದಿನವೂ ಸಂಜೆ ಪೈಪು ಹಿಡಿದು ನಿಲ್ಲುತ್ತಿದ್ದೆ. ಇವತ್ತು ನಿನ್ನ ಹಳೆಯ ಮಾಲಿ ಬಂದು, ಒಂದು ಹಿಡಿ ಕಿತ್ತು ಮೂಸಿ ನೋಡಿದ.

"ಹುಲ್ಲು ಬೆಳೆಸ್ತಿದ್ದೀರೋ, ಕಪ್ಪೆ ಸಾಕ್ತಿದ್ದೀರೋ ಅಕ್ಕಾ? ಇದು ಬಾಯಾರಿ ಸತ್ತಿದ್ದಲ್ಲ, ಕೊಳೆತಿದ್ದು. ಈ ಬೆವರೋ ಸೆಕೆಯಲ್ಲಿ ಸಂಜೆ ನೀರು ಬಿಟ್ರೆ ಆರಲ್ಲ, ಬೂಸ್ಟು ಹಿಡಿಯುತ್ತೆ. ಯಜಮಾನ್ರು ಬೆಳಿಗ್ಗೆ ಮಾತ್ರ ಬಿಡ್ತಿದ್ರು. ನೀವ್ಯಾಕೆ ಇಷ್ಟು ಸುರಿದ್ರಿ?"

ನಿನ್ನ ಎದೆಯಲ್ಲಿ ನೀರು ತುಂಬಿದೆ, ದಿನಕ್ಕೆ ಎರಡೇ ಲೋಟ ಕೊಡಿ ಎಂದಿದ್ದರು ಡಾಕ್ಟರು. ಕಡೆಯ ಸಂಜೆ ನೀನು, "ಒಂದೇ ಗುಟುಕು ಕೊಡೇ ಮಗಳೇ" ಅಂದೆ. ಎರಡೂ ಆಯಿತೆಂದು ನಾನು ಲೋಟ ಎತ್ತಿಟ್ಟೆ.

ಮಾಲಿ ಪೈಪನ್ನು ಸುತ್ತಿಟ್ಟು ಹೋಗಿದ್ದಾನೆ. ಮತ್ತೆ ಸಂಜೆಯಾಗಿದೆ, ಅಪ್ಪಾ. ಕೈಗೆ ಕೆಲಸವಿಲ್ಲ.