ಶಾಸಕರು ಕಚ್ಚಿದ ಅಮ್ಮನ ಬ್ರೆಡ್

ಸ್ಪ್ರಿಂಗ್‌ಫೀಲ್ಡ್, ಇಲಿನಾಯ್
ಜೂನ್ ೧೯೭೮

ಅಮ್ಮಾ,

ನೀನು ದಾರಿಗೆಂದು ಕಟ್ಟಿಕೊಟ್ಟ ಬ್ರೆಡ್ ಇವತ್ತು ಶಾಸನಸಭೆಯಲ್ಲಿ ದೊಡ್ಡ ಕೆಲಸ ಮಾಡಿತು! ಹೆಣ್ಣು-ಗಂಡಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿ ಬೇಡವೆನ್ನುವ ಹೆಂಗಸರು ಇಲ್ಲಿ ಶಾಸಕರಿಗೆಲ್ಲ ಮನೆಯಲ್ಲಿ ಮಾಡಿದ ಬ್ರೆಡ್ ಹಂಚುತ್ತಾರೆ. ಬೇಕೆನ್ನುವ ನಾವು ಹೆಗಲಿಗೆ ಹಾಕಿಕೊಳ್ಳುವ ಹಸಿರು ಪಟ್ಟಿ ಕಂಡರೆ ಸಾಕು, ಶಾಸಕರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಪಟ್ಟಿ ಬಿಚ್ಚಿಟ್ಟು ಊಟಕ್ಕೆ ಕೂತಿದ್ದೆ. ನಮ್ಮ ಜಿಲ್ಲೆಯ ಶಾಸಕ ಟಟಲ್ ನನ್ನನ್ನು ಆ ಕಡೆಯವಳೆಂದುಕೊಂಡು, ನಗುತ್ತಾ ಬಂದು ಬ್ರೆಡ್ ಎತ್ತಿಕೊಂಡು ಕಚ್ಚಿಯೇಬಿಟ್ಟರು!

“ಅಯ್ಯೋ, ಅದು ನನ್ನ ಊಟ ಸಾರ್! ನಾನು ತಿದ್ದುಪಡಿ ಬೇಕು ಅನ್ನೋಳು!” ಅಂದೆ.

ಬಾಯಿತುಂಬ ಬ್ರೆಡ್, ಉಗುಳುವ ಹಾಗಿಲ್ಲ. “ಸರಿ ಕಣಮ್ಮ, ಇದು ಮುಗಿಯೋವರೆಗೂ ಹೇಳು,” ಅಂದರು. ಹೇಳಿದೆ, ಎಲ್ಲವನ್ನೂ! ಕೊನೆಗೆ ಕೈ ಒರೆಸಿಕೊಂಡು, “ಇದನ್ನ ಮಾಡಿದೋರು ಯಾವ ಕಡೆ?” ಅಂದರು.

“ನಮ್ಮಮ್ಮನ್ನ ಇದುವರೆಗೂ ಯಾರೂ ಕೇಳಿಲ್ಲ ಸಾರ್.”

ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿದೆ, ಉಳಿದಂತೆ ಚೆನ್ನಾಗಿದ್ದೇನೆ. ಗುರುವಾರ ಮತ ಹಾಕುತ್ತಾರೆ. ಈ ಕಾರ್ಡನ್ನು ಅಪ್ಪನೇ ಮೊದಲು ಓದುತ್ತಾರೆಂದು ಗೊತ್ತು. ಉತ್ತರ ಅವರು ಬರೆಯುವುದು ಬೇಡ. ನೀನು ಯಾವ ಕಡೆ, ಅಮ್ಮಾ?

ಲೊರೀನ್