ಮೂವರಲ್ಲೂ ಇಲ್ಲದ ಸಾಲು

ಶಹಾಬಾದ
೩ ಆಗಸ್ಟ್ ೧೯೭೪, ಶನಿವಾರ

ಇವತ್ತೂ ಗಾಡಿ ಲೇಟು. ರೈಲ್ವೆ ಮುಷ್ಕರ ಮುಗಿದು ಎಷ್ಟು ದಿನವಾಯಿತು, ಪ್ಯಾಸೆಂಜರ್‌ಗೆ ಇನ್ನೂ ಬುದ್ಧಿ ಬಂದಿಲ್ಲ. ಕ್ಲಾಸು ಶುರುವಾಗುವಾಗ ಸಂಜೆಯೇ ಆಗಿತ್ತು. ವಿದ್ಯಾರ್ಥಿಗಳು ಇಬ್ಬರೇ. ಚಿತ್ತಾಪುರದ ಸಾಬಣ್ಣ, ಪ್ರೈಮರಿ ಶಾಲೆಯ ಮಾಸ್ತರ. ವಾಡಿಯ ಅಂಬುಬಾಯಿ, ಅಲ್ಲಿ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಆಯಾ. ಹೋದ ವರ್ಷ ಐದು ಜನ ಇದ್ದರು. ನನ್ನ ಕೆಂಪು ಪೆನ್ನಿಗೆ ಹೆದರಿ ಓಡಿದರು ಅನ್ನುತ್ತಾಳೆ ಎಸ್ತೇರ. ಹೆಂಡತಿಯ ಮಾತು, ಇರಲಿ.

ಥಿಯಾಲಜಿ ಕಾಲೇಜಿನ ಅಂಚೆ ಕೋರ್ಸು. ಅವರು ಪಾಠ ಕಳಿಸುತ್ತಾರೆ. ನಾನು ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು ಚರ್ಚಿನ ಪಡಸಾಲೆಯಲ್ಲಿ ಕಲಿಸುತ್ತೇನೆ, ಪೇಪರು ತಿದ್ದಿ ಕಳಿಸುತ್ತೇನೆ. ಈ ಸಲ — ಒಂದೇ ಘಟನೆ, ಮೂರು ಸುವಾರ್ತೆ. ಪೇತ್ರನ ಅತ್ತೆಯ ಜ್ವರ. ಬೋರ್ಡಿನ ಮೇಲೆ ಮೂರು ಕಾಲಂ ಎಳೆದೆ. ಮತ್ತಾಯನಲ್ಲಿ ಯಾರೂ ಏನೂ ಹೇಳುವುದಿಲ್ಲ. ಯೇಸು ತಾನೇ ನೋಡಿ ಆಕೆಯ ಕೈ ಮುಟ್ಟುತ್ತಾನೆ. ಮಾರ್ಕನಲ್ಲಿ ಮನೆಯವರು ಹೇಳುತ್ತಾರೆ. ಕೈ ಹಿಡಿದು ಎಬ್ಬಿಸುತ್ತಾನೆ. ಲೂಕನಲ್ಲಿ ಬೇಡಿಕೊಳ್ಳುತ್ತಾರೆ, ಹತ್ತಿರ ನಿಂತು ಜ್ವರವನ್ನು ಗದರಿಸುತ್ತಾನೆ. ಮೂವರಲ್ಲೂ ಜ್ವರ ಬಿಡುತ್ತದೆ, ಅತ್ತೆ ಎದ್ದು ಉಪಚಾರಕ್ಕೆ ನಿಲ್ಲುತ್ತಾಳೆ.

ನಿಯಮ ಹೇಳಿಕೊಟ್ಟೆ. ಇಬ್ಬರ ಮಾತು ಒಂದೇ ಥರ ಇದ್ದರೆ ಒಬ್ಬ ಇನ್ನೊಬ್ಬನದನ್ನು ನೋಡಿ ಬರೆದಿದ್ದಾನೆ, ಇಲ್ಲವೇ ಇಬ್ಬರೂ ಮೂರನೆಯವರಿಂದ ಪಡೆದಿದ್ದಾರೆ. ಚಿಕ್ಕದು ಮೊದಲಿನದು, ಬೆಳೆದದ್ದು ಆಮೇಲಿನದು.

“ಪೊಲೀಸರ ಕೆಲಸ ಇದ್ದಂಗ ಅದ ಅಲ್ರಿ ಸರ್?” ಅಂದ ಸಾಬಣ್ಣ.

ಹಾಗೆಯೇ ಅಂದುಕೋ ಅಂದೆ. ಒಳಗೊಳಗೆ ಖುಷಿಯಾಯಿತು.

೮ ಆಗಸ್ಟ್, ಗುರುವಾರ

ಶಾಲೆಯಿಂದ ಬಂದರೆ ಮನೆಗೆ ಬೀಗ. ಎಸ್ತೇರ ದೀಪ ಹಚ್ಚುವ ಹೊತ್ತಿಗೆ ಬಂದಳು. ಎಲ್ಲಿಗೆ ಹೋಗಿದ್ದೆ?

“ಬಜಾರಕ್ಕ ಹೋಗಿದ್ದೆ ರೀ.”

ಚೀಲದಲ್ಲಿ ನಾಲ್ಕೇ ನಾಲ್ಕು ಬದನೆಕಾಯಿ. ಹೋದ ಗುರುವಾರವೂ ಹೀಗೆಯೇ. ಇಷ್ಟು ಬದನೆಕಾಯಿಗೆ ಅರ್ಧ ದಿನ ಬೇಕೇ?

ಕುಂಚಾವರಂನಿಂದ ಸುದ್ದಿ ಏನಾದರೂ ಇದೆಯೇ ಎಂದು ಸುಮ್ಮನೆ ಕೇಳಿದೆ. ಆಕೆಯ ತಾಯಿ ತುಳಜಾಬಾಯಿ ಅಲ್ಲಿ ಮಗನ ಹತ್ತಿರ ಇದ್ದಾಳೆ. ಹೋದ ಕ್ರಿಸ್ಮಸ್‌ಗೆ ಬಂದಿದ್ದಾಗ ನಾಲ್ಕು ಜನರ ಮುಂದೆ ಆಕೆಯ ಒಂದು ಮಾತು ತಿದ್ದಿದೆ. ಅವತ್ತೇ ಗಂಟು ಕಟ್ಟಿಕೊಂಡು ಹೋದವಳು ಮತ್ತೆ ಈ ಹೊಸ್ತಿಲು ತುಳಿದಿಲ್ಲ.

“ಆರಾಮ ಅದಾಳ್ರಿ” ಅಂದಳು ಎಸ್ತೇರ. ನನ್ನ ಕಡೆ ನೋಡದೆ ಅಂದಳು.

೧೧ ಆಗಸ್ಟ್, ಭಾನುವಾರ, ಮಧ್ಯಾಹ್ನ

ಸಿಕ್ಕಿತು!

ನಿನ್ನೆ ಇಬ್ಬರೂ ಪೇತ್ರನ ಅತ್ತೆಯ ಪಾಠಕ್ಕೆ ಉತ್ತರ ಬರೆದು ತಂದುಕೊಟ್ಟರು. ಆರಾಧನೆ ಮುಗಿಸಿ ಬಂದು ತಿದ್ದಲು ಕೂತೆ. ಸಾಬಣ್ಣ ಬರೆದಿದ್ದಾನೆ: “ಆಕೆಯ ಮಗಳು ಬಾಗಿಲ ಹಿಂದೆ ನಿಂತಿದ್ದಳು.” ಅಂಬುಬಾಯಿ ಬರೆದಿದ್ದಾಳೆ: “ಆಕೆಯ ಮಗಳು ಬಾಗಿಲ ಹಿಂದೆ ನಿಂತಿದ್ದಳು. ಸೆರಗು ಕಚ್ಚಿಕೊಂಡಿದ್ದಳು. ಗಂಡನಿಗೆ ಹೇಳಲು ಅಂಜಿಕೆ.”

ಯಾವ ಮಗಳು? ಯಾವ ಬಾಗಿಲು? ಮೂವರನ್ನೂ ತೆಗೆದು ನೋಡಿದೆ. ಯೋಹಾನನನ್ನೂ ನೋಡಿದೆ, ಆತ ಈ ಘಟನೆಯನ್ನೇ ಬರೆದಿಲ್ಲ. ಇಂಗ್ಲಿಷ್ ಬೈಬಲ್ಲೂ ನೋಡಿದೆ. ಎಲ್ಲೂ ಇಲ್ಲ. ಪೇತ್ರನ ಅತ್ತೆ ಇದ್ದಾಳೆ. ಪೇತ್ರನ ಹೆಂಡತಿಯ ಸುಳಿವೇ ಇಲ್ಲ. ಇಷ್ಟು ವರ್ಷ ಓದಿಯೂ ಇದನ್ನು ನಾನು ಗಮನಿಸಿರಲಿಲ್ಲ.

ಇಬ್ಬರಿಗೂ ಒಂದೇ ಸುಳ್ಳು ತಾನಾಗಿ ಹೊಳೆಯುವುದಿಲ್ಲ. ನಕಲು. ಯಾರು ಯಾರದನ್ನು? ಚಿಕ್ಕದು ಮೊದಲಿನದು, ಅಂದರೆ ಸಾಬಣ್ಣನದು ಮೂಲ. ಅಂಬುಬಾಯಿ ನೋಡಿ ಬೆಳೆಸಿದ್ದಾಳೆ. ಎಲ್ಲಿ ನೋಡಿದಳು? ಸಾಬಣ್ಣ ವಾಡಿ ಜಂಕ್ಷನ್‌ನಲ್ಲಿ ಗಾಡಿ ಬದಲಿಸಬೇಕು, ಅಲ್ಲಿ ತಾಸುಗಟ್ಟಲೆ ಕಾಯಬೇಕು. ಆ ಹೊತ್ತು ಆತ ಎಲ್ಲಿ ಕಳೆಯುತ್ತಾನೆ?

ನಕಲು ಮಾಡಿದವರ ಹೆಸರು ಹೊಡೆದುಹಾಕಬೇಕೆಂದು ಕಾಲೇಜಿನ ನಿಯಮ. ತಿಂಗಳ ಕೊನೆಗೆ ರಿಪೋರ್ಟ್ ಹೋಗಬೇಕು. ಚಿಂಚೋಳಿಯಲ್ಲಿ ಹುಡುಗಿಯರ ಹಾಸ್ಟೆಲಿಗೆ ಮೇಟ್ರನ್ ಆಗಬೇಕೆಂದು ಅಂಬುಬಾಯಿ ಈ ಸರ್ಟಿಫಿಕೇಟಿಗಾಗಿ ಕಾಯುತ್ತಿದ್ದಾಳೆ. ಕಾಯಲಿ. ಕಳ್ಳತನದಿಂದ ಬಂದ ಸರ್ಟಿಫಿಕೇಟ್ ಹಿಡಿದು ಹುಡುಗಿಯರಿಗೆ ಏನು ಕಲಿಸಿಯಾಳು?

೧೭ ಆಗಸ್ಟ್, ಶನಿವಾರ

ಸಾಬಣ್ಣ ಬರಲಿಲ್ಲ. ಶಾಲೆಗೆ ಇನ್‌ಸ್ಪೆಕ್ಟರ್ ಬಂದಿದ್ದಾರಂತೆ. ಅಥವಾ ಹಾಗೆ ಹೇಳಿ ಕಳಿಸಿದ್ದಾನೆ. ಅಂಬುಬಾಯಿಯನ್ನು ಮನೆಗೇ ಕರೆಸಿ ಪೇಪರು ಮುಂದಿಟ್ಟೆ.

“ಈ ಸಾಲು ಎಲ್ಲಿಂದ ಬಂತು?”

“ಕೇಳಿದ್ದು ಬರದೀನ್ರಿ ಸರ್.”

“ಯಾರ ಕಡಿಂದ ಕೇಳಿದಿ?”

ಪೇಪರು ನನ್ನ ಕಡೆಗೇ ಸರಿಸಿದಳು.

“ಸಾಬಣ್ಣನ ಪೇಪರ್ ನೋಡಿದಿ, ಹೌದಿಲ್ಲ?”

“ಇಲ್ರಿ. ಖರೇನ ನೋಡಿಲ್ರಿ.”

“ಹಂಗಾದ್ರ ಹೆಸರು ಹೇಳು. ಇಲ್ಲಂದ್ರ ನಕಲು ಅಂತ ಬರೀತೀನಿ.”

“ಬರೀರಿ ಸರ್. ನಾ ಒಬ್ಬರಿಗಿ ಮಾತು ಕೊಟ್ಟೀನಿ.”

ಕಣ್ಣಲ್ಲಿ ನೀರು ತುಂಬಿತ್ತು, ತಲೆ ಮಾತ್ರ ತಗ್ಗಿಸಲಿಲ್ಲ. ಸೊಕ್ಕು. ಯಾರನ್ನೋ ಕಾಪಾಡುತ್ತಿದ್ದಾಳೆ. ಸಾಬಣ್ಣನನ್ನೇ ಇರಬೇಕು.

ಅವಳು ಎದ್ದು ಹೋದ ಮೇಲೆ ನೋಡಿದೆ — ಎಸ್ತೇರ ಚಹಾ ಹಿಡಿದು ಬಾಗಿಲ ಹಿಂದೆ ನಿಂತಿದ್ದಾಳೆ. ಚಹಾ ಆರಿ ಕೆನೆ ಕಟ್ಟಿತ್ತು. ಕದ್ದು ಕೇಳುವ ಚಟ ಈಕೆಗೆ ಯಾವಾಗ ಹತ್ತಿತು?

೨೦ ಆಗಸ್ಟ್, ಮಂಗಳವಾರ

ಪಕ್ಕದ ಮನೆಯ ಅಖ್ತರ ಬೇಗಂ ಗೋಡೆಯಾಚೆಯಿಂದ ಕೂಗಿದರು. “ಮಾಸ್ತರ್ ಸಾಬ್, ನಿಮ್ಮ ಮನಿಯಾಕಿಗಿ ಹೇಳ್ರಿ, ಈ ಗುರುವಾರ ವಾಡಿಗಿ ಹೋದ್ರ ನನಗ ಒಂದಿಷ್ಟು ಔಷಧ ತರಬೇಕಾಗ್ಯದ.”

“ವಾಡಿಗೆ ಯಾಕ ಹೋಗ್ತಾಳ?”

“ಹರ್ ಜುಮೇರಾತ್ ಹೋಗ್ತಾರಲ್ಲ! ಡಬ್ಬಿ ಹಿಡಕೊಂಡು ಪ್ಯಾಸೆಂಜರ್ ಹತ್ತೂದು ನಾ ನೋಡೀನಿ.” ಆಮೇಲೆ ನನ್ನ ಮುಖ ನೋಡಿ ಒಳಗೆ ಹೋಗಿಬಿಟ್ಟರು.

ಎಸ್ತೇರಳ ಪ್ರಕಾರ: ಬಜಾರು, ಬದನೆಕಾಯಿ.
ಅಖ್ತರ ಬೇಗಂ ಪ್ರಕಾರ: ಪ್ರತಿ ಗುರುವಾರ ವಾಡಿ, ಊಟದ ಡಬ್ಬಿ.
ನನ್ನ ಪ್ರಕಾರ: ಗುರುವಾರ ಸಂಜೆ ಡಬ್ಬಿ ತೊಳೆದು ಬೋರಲು ಹಾಕಿರುತ್ತದೆ. ಇಷ್ಟು ದಿನ ಕಂಡೂ ಕಾಣಲಿಲ್ಲ.

ಎರಡು ಕೂಡುತ್ತವೆ, ಒಂದು ಕೂಡುವುದಿಲ್ಲ. ವಾಡಿಯಲ್ಲಿ ನಮ್ಮವರು ಯಾರೂ ಇಲ್ಲ. ಡಬ್ಬಿ ಯಾರಿಗೆ? ಮದುವೆಯಾಗಿ ಹದಿನಾರು ವರ್ಷ. ಸಾಬಣ್ಣ... ಛೆ. ಇಲ್ಲ, ಬರೆಯಲಾರೆ.

ಆಕೆಯನ್ನು ಕೇಳುವುದಿಲ್ಲ. ಕೇಳಿದರೆ ಮತ್ತೊಂದು ಬದನೆಕಾಯಿ ಹೇಳುತ್ತಾಳೆ.

೨೨ ಆಗಸ್ಟ್, ಗುರುವಾರ, ವಾಡಿ ಸ್ಟೇಷನ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಶಾಲೆಗೆ ರಜೆ ಹಾಕಿದೆ, ಮನೆಯಲ್ಲಿ ಹೇಳಲಿಲ್ಲ. ಎಸ್ತೇರ ಮುಂದಿನ ಬೋಗಿ ಹತ್ತಿದಳು, ನಾನು ಕೊನೆಯದು. ಇಳಿದ ಮೇಲೆ ದೂರದಿಂದ ಹಿಂಬಾಲಿಸಿದೆ. ಸುದ್ದಿಪತ್ರಿಕೆ ಮುಖಕ್ಕೆ ಹಿಡಿದು ನಡೆಯುವುದು ಎಷ್ಟು ಕಷ್ಟ. ಒಮ್ಮೆ ಎಮ್ಮೆಗೆ ಡಿಕ್ಕಿ ಹೊಡೆದೆ. ಆಕೆ ದವಾಖಾನೆಯ ಹಿಂದಿನ ಓಣಿಯಲ್ಲಿ ಒಂದು ಫರ್ಸಿ ಕಲ್ಲಿನ ಖೋಲಿಗೆ ಹೊಕ್ಕಳು. ನಾನು ಬಾಗಿಲ ಹಿಂದೆ ನಿಂತೆ. ಗಂಡಸಿನ ದನಿಗಾಗಿ ಕಿವಿ ಕೊಟ್ಟೆ.

ಕೇಳಿಸಿದ್ದು ಮುದುಕಿಯ ದನಿ. ಸೋತ ದನಿ, ಆದರೂ ಗುರುತು ಸಿಕ್ಕಿತು. ತುಳಜಾಬಾಯಿ.

“...ಅಳ್ಯಾ ಊರಮಂದಿಗಿ ದೇವರ ಮಾತು ಹೇಳಾಕ ಹೊಂಟಾನ. ಮನ್ಯಾಗ ಅತ್ತಿ ಜ್ವರ ಬಂದು ಬಿದ್ದಾಳ. ಮಗಳು ಏನು ಮಾಡ್ಯಾಳು ಪಾಪ? ಬಾಗಿಲ ಹಿಂದ ನಿಂತಾಳ, ಸೆರಗು ಕಚ್ಚಿ. ಗಂಡಗ ಹೇಳಾಕ ಅಂಜಿಕಿ. ಅದಕ್ಕ ಸ್ವಾಮಿನ ತಾನಾಗಿ ಬಂದ.”

“ಸಾಕು ಬೇ ಅವ್ವಾ, ಗಂಜಿ ಉಣ್ಣು.” ಎಸ್ತೇರಳ ದನಿ.

ಒಳಗೆ ನುಗ್ಗಿದೆ. ಮಂಚದ ಮೇಲೆ ಆಕೆ, ಅರ್ಧ ಆಗಿದ್ದಾಳೆ. ಹಣೆಗೆ ಒದ್ದೆ ಅರಿವೆ ಹಾಕುತ್ತಿದ್ದವಳು ಅಂಬುಬಾಯಿ. ನನಗೆ ಏನಾಯಿತೋ, ಕಿರುಚಿದೆ. “ಇಷ್ಟು ಜ್ವರ ಅದ, ನನಗ್ಯಾಕ ಯಾರೂ ಹೇಳಲಿಲ್ಲ?”

ಲೂಕನಲ್ಲಿ ಇದ್ದಂತೆ ನಿಂತು ಗದರಿಸಿದೆ. ಜ್ವರವನ್ನಲ್ಲ, ಹೆಂಗಸರನ್ನು.

ಎಸ್ತೇರ ಗಂಜಿಯ ಬಟ್ಟಲು ಹಿಡಿದು ಮೂಲೆಗೆ ಸರಿದಳು. ಮುದುಕಿ ಮಾತ್ರ ಗೋಡೆ ಹಿಡಿದು ಏಳತೊಡಗಿದಳು. “ಅಳಿಯಂದ್ರು ಬಂದಾರ... ಕುಂದ್ರಿ, ಚಾ ಇಡ್ತೀನಿ.” ಕಾಲು ಗಡಗಡ ನಡುಗುತ್ತಿದ್ದವು. ಸುವಾರ್ತೆಯಲ್ಲಿ ಮೊದಲು ಜ್ವರ ಬಿಡುತ್ತದೆ, ಉಪಚಾರ ಆಮೇಲೆ. ನೋಡಲಾಗದೆ ಹೊರಗೆ ಬಂದೆ.

ಅಂಬುಬಾಯಿ ಹಿಂದೆಯೇ ಬಂದಳು. ಆಷಾಢದಲ್ಲಿ ಕುಂಚಾವರಂನಿಂದ ಮಗ ಕರೆತಂದು ದವಾಖಾನೆಗೆ ತೋರಿಸಿದನಂತೆ. ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಇರಲು ಜಾಗವಿಲ್ಲದೆ ಇವಳೇ ತನ್ನ ಖೋಲಿಯಲ್ಲಿ ಇಟ್ಟುಕೊಂಡಿದ್ದಾಳೆ. ಶನಿವಾರ ಗಾಡಿ ಕಾಯುವಾಗ ಸಾಬಣ್ಣ ಹಾಲು ತಂದುಕೊಟ್ಟು, ಕಥೆ ಕೇಳಿ ಹೋಗುತ್ತಾನೆ.

“ನನಗ್ಯಾಕ ಹೇಳಲಿಲ್ಲ, ಅಂಬುಬಾಯಿ?”

“ಎಸ್ತೇರಕ್ಕಾ ಮಾತು ತಗೊಂಡಾರ್ರಿ. ಕ್ರಿಸ್ಮಸ್‌ದಾಗ ನೀವು ಎಲ್ಲಾರ ಮುಂದ ಅವ್ವಗ, ‘ಇದು ಬೈಬಲ್‌ದಾಗ ಇಲ್ಲ, ಬಾಯಿ ಮುಚ್ಚು’ ಅಂದ್ರಂತಲ್ಲ. ಮುಚ್ಚಿದ ಬಾಯಿ ಆ ಮನ್ಯಾಗ ತೆರಿಯಾಂಗಿಲ್ಲ ಅಂತ ಅವ್ವ ಕುಂತಾರ.”

ಬಾಯಿ ಮುಚ್ಚು ಅಂದಿದ್ದೆನೇ? ಈಗ ಹಿಂದಿನ ಪುಟ ತಿರುಗಿಸಿ ನೋಡಿದೆ. ನಾನು ಬರೆದುಕೊಂಡಿರುವುದು ‘ಒಂದು ಮಾತು ತಿದ್ದಿದೆ’ ಎಂದು. ತಾಯಿ ಮಗಳಿಬ್ಬರಿಗೂ ನೆನಪಿರುವುದು ಬೇರೆ. ನಂಬಬೇಕಾದ್ದು ಅವರದನ್ನು. ನಾಚಿಕೆಯಾಗುತ್ತಿದೆ.

೨೪ ಆಗಸ್ಟ್, ಶನಿವಾರ

ಕ್ಲಾಸಿಗೆ ಯಾರೂ ಬರಲಿಲ್ಲ. ಕರೆಯುವ ಮುಖ ನನಗೂ ಇರಲಿಲ್ಲ.

ಎಸ್ತೇರ ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾಳೆ. ಕೇಳಿದ್ದಕ್ಕೆ ಹೂಂ, ಉಹೂಂ. ನಾನು ಹಿಂಬಾಲಿಸಿ ಬಂದೆ ಎಂಬುದು ಆಕೆಗೆ ಗೊತ್ತು. ಯಾಕೆ ಬಂದೆ ಎಂಬುದೂ ಗೊತ್ತು. ಅದನ್ನು ಆಕೆ ಎತ್ತಿ ಆಡಿದ್ದರೆ ಹಗುರವಾಗುತ್ತಿತ್ತು.

ರಿಪೋರ್ಟ್ ಹರಿದು ಹಾಕಿದೆ. ಹೊಸದು ಬರೆದೆ: ನಕಲು ಇಲ್ಲ, ಇಬ್ಬರಿಗೂ ಮೂರನೆಯ ಮೂಲವೊಂದಿದೆ, ಬಾಯಿಮಾತಿನದು. ಆ ನಿಯಮವನ್ನು ಕಲಿಸಿದ್ದು ನಾನೇ, ಮರೆತದ್ದೂ ನಾನೇ. ಅಂಬುಬಾಯಿ ಪಾಸು, ಸಾಬಣ್ಣನೂ ಪಾಸು. ಎರಡು ಮಾರ್ಕು ಮಾತ್ರ ಕಡಿಮೆ. ಬೈಬಲ್‌ನಲ್ಲಿ ಇಲ್ಲದ್ದು ಇಲ್ಲದ್ದೇ.

೩೧ ಆಗಸ್ಟ್, ಶನಿವಾರ, ಸಂಜೆ

ಮೊನ್ನೆ ಗುರುವಾರ ಎಸ್ತೇರಳ ಜೊತೆಗೇ ಗಾಡಿ ಹತ್ತಿದೆ. ಊಟದ ಡಬ್ಬಿ ನಾನೇ ಹಿಡಿದೆ. ದಾರಿಯಲ್ಲಿ ಇಬ್ಬರೂ ಕಿಟಕಿ ನೋಡಿದೆವು.

ಮಂಚದ ಪಕ್ಕ ಕೂತು, “ಅತ್ತೀ, ಆ ಕಥಿ ನನಗೂ ಒಮ್ಮೆ ಹೇಳ್ರಿ” ಅಂದೆ.

ಮುದುಕಿ ಒಂದು ಕಣ್ಣು ತೆರೆದು ನೋಡಿದಳು. “ಯಾಕ್ರಿ? ತಪ್ಪು ಹುಡುಕಾಕ?”

ಈಗ ಆಕೆಗೆ ನನ್ನ ಮೇಲೆ ಸಂಶಯ. ತಕ್ಕದ್ದೇ. ಇಲ್ಲ, ಕೇಳಲಿಕ್ಕೆ ಅಂದೆ. ನಿಮ್ಮ ಮಗಳ ಮನೆಗೆ ಬರ್ರಿ, ಅಲ್ಲೇ ಹೇಳ್ರಿ, ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ ಅಂದೆ. ಆಕೆ ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. ಅಷ್ಟರಲ್ಲಿ ಅಂಬುಬಾಯಿ ಟಾಂಗಾ ನಿಲ್ಲಿಸಿಯೇ ಬಿಟ್ಟಿದ್ದಳು.

“ಅಂಬುಬಾಯಿ, ನಿನ್ನ ಪೇಪರಿನ ವಿಷಯ...” ಎಂದು ಶುರುಮಾಡಿದೆ.

“ಅದು ಆಮ್ಯಾಲ ಹೇಳೀರಂತ. ಮದಲ ಕಾಲ ಕಡಿ ಹಿಡೀರಿ ಸರ್.”

ಹಿಡಿದೆ. ಕಾಲು ಕೆಂಡದಂತೆ ಸುಡುತ್ತಿದ್ದವು, ಭಾರವೇ ಇರಲಿಲ್ಲ.

ಈಗ ಅತ್ತೆ ನಮ್ಮ ಮನೆಯ ಒಳಗಿನ ಖೋಲಿಯಲ್ಲಿ ಮಲಗಿದ್ದಾಳೆ. ಇವತ್ತು ಕ್ಲಾಸಿಗೆ ಇಬ್ಬರೂ ಬಂದಿದ್ದರು. ಎರಡು ಮಾರ್ಕು ಯಾಕೆ ಹೋಯಿತೆಂದು ಅಂಬುಬಾಯಿ ಜಗಳವಾಡಿ ಹೋದಳು. ಮನೆಗೆ ಬಂದು ಮುಂದಿನ ಪಾಠಕ್ಕೆ ಕಾಲಂ ಎಳೆಯುತ್ತ ಕೂತೆ. ಎಸ್ತೇರ ಇನ್ನೂ ಸರಿಯಾಗಿ ಮಾತಾಡಿಲ್ಲ. ತಾಯಿಗೆ ಔಷಧ ಕೊಡುವುದು, ಬೆವರು ಒರೆಸುವುದು, ಎಲ್ಲಾ ಒಬ್ಬಳೇ. ನಾನು ಹತ್ತಿರ ಹೋದರೆ ಸರಿದು ನಿಲ್ಲುತ್ತಾಳೆ. ಹದಿನಾರು ವರ್ಷದ ಅಂಜಿಕೆ ಒಂದು ಟಾಂಗಾಕ್ಕೆ ಹೋಗುವಂಥದ್ದಲ್ಲ ಎಂದು ಗೊತ್ತಾಗುತ್ತಿದೆ. ಆದರೂ ಕಾಯುತ್ತಿದ್ದೇನೆ, ಬಳೆ ಸದ್ದಾದಾಗಲೆಲ್ಲ ಕತ್ತೆತ್ತುತ್ತೇನೆ.

ಈಗಲೂ ಸದ್ದಾಯಿತು. ಬಾಗಿಲ ಹಿಂದೆ ನಿಂತಳು. ನಿಂತೇ ಇದ್ದಳು. ಆಮೇಲೆ ದಾಟಿ ಒಳಗೆ ಬಂದಳು, ಮೇಜಿನ ತನಕ.

“ಏನ್ರೀ, ಅವ್ವಗ ಜ್ವರ ಏರ್ಯದ. ನನಗ ಅಂಜಿಕಿ ಆಗಾಕತ್ತದ. ನೀವು ಬರ್ರಿ.”

ನನಗೇ ಹೇಳಿದಳು. ಉಳಿದದ್ದು ಬಂದ ಮೇಲೆ ಬರೆ—