ಒಂದೇ ಸಲ ಕರೆದವಳಿಗೆ

ಗುಂಡ್ಲುಪೇಟೆ
೧೫ ಜುಲೈ ೨೦೦೬, ಶನಿವಾರ

ನನ್ನ ಚೈತ್ರಮ್ಮಿಗೆ,

ನಿನ್ನ ಅವ್ವನ ಆಶೀರ್ವಾದ. ನಿಮ್ಮಪ್ಪನ ಮಂಡಿನೋವು ಇದ್ದಹಾಗೇ ಇದೆ, ಹಸು ಹಾಲು ಕಡಿಮೆ ಮಾಡಿದೆ, ಉಳಿದಂತೆ ಚೆನ್ನಾಗಿದ್ದೇವೆ. ಫೋನೇ ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಇರುವುದು ನಿಮ್ಮತ್ತೆಯ ಮಂಚದ ಪಕ್ಕ. ನಾನು ಇಲ್ಲಿ ಬಾಯಿ ತೆರೆದರೆ ಅಲ್ಲಿ ಚಿಕ್ಕಮಲ್ಲಮ್ಮನವರ ಕಿವಿ ನೆಟ್ಟಗಾಗುತ್ತದೆ. ಅದಕ್ಕೇ ಈ ಕಾಗದ.

ಪಂಪ್‌ಸೆಟ್ ಕಂಪನಿಯವರು, ಹೆಚ್ಚು ಮಾರಿದ್ದಕ್ಕೆ ಬಹುಮಾನವೆಂದು, ನಮ್ಮ ಅಳಿಯಂದಿರನ್ನು ಸಿಂಗಾಪುರಕ್ಕೆ ಕರೆದೊಯ್ದು ಅಲ್ಲಿಂದ ಹಡಗು ಹತ್ತಿಸಿ ಊರೂರು ಸುತ್ತಿಸುತ್ತಾರೆ, ಜೊತೆಗೆ ಹೆಂಡತಿಯೂ ಮನೆಯ ಇನ್ನೊಬ್ಬರೂ ಹೋಗಬಹುದು ಎಂದಾಗ ಬೀದಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಆ ಇನ್ನೊಬ್ಬರು ನಿಮ್ಮತ್ತೆ ಎಂದು ಗೊತ್ತಾದ ಮೇಲೆ ಹೇಳುವುದನ್ನು ನಿಲ್ಲಿಸಿದೆ. ಹೋಗಲಿ ಬಿಡು. ಪಕ್ಕದ ಮನೆ ಆಮಿನಾಳ ತಮ್ಮ ನಿಯಾಜ್ ಅಂಥದ್ದೇ ಹಡಗಿನಲ್ಲಿ ಪ್ರಯಾಣಿಕರ ರೂಮು ನೋಡಿಕೊಳ್ಳುವ ಕೆಲಸದಲ್ಲಿದ್ದಾನಲ್ಲ, ರಜಕ್ಕೆ ಬಂದಿದ್ದಾನೆ. ಅವನನ್ನು ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿಕೊಂಡೆ. ನಿನಗೋಸ್ಕರ. ನನಗೇನು ಬಂತು ಅದರಿಂದ?

ಮೊದಲು ಗಡಿಯಾರದ ವಿಷಯ. ಹಡಗಿಗೆ ಅದರದೇ ಒಂದು ಟೈಮು ಇರುತ್ತದಂತೆ. ಇಳಿದ ಊರಿನ ಗಡಿಯಾರ ನೋಡಿ ಮೋಸಹೋಗಬೇಡ, ಕೈಗಡಿಯಾರವನ್ನು ಹಡಗಿನ ಟೈಮಿಗೇ ಇಟ್ಟುಕೊ. ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ವಾಪಸು ಬಂದುಬಿಡಬೇಕು. "ಟೈಮಾದ್ರೆ ಯಾರಿಗೂ ಕಾಯಲ್ಲ ಅಕ್ಕಾ, ಬುಟ್ಟೋಯ್ತಾರೆ" ಎಂದ ನಿಯಾಜ್. ನಿಮ್ಮತ್ತೆ ಸೀರೆಯಂಗಡಿಗೆ ಹೊಕ್ಕರೆ ಹೊರಗೆ ಬರುವುದು ಯಾವಾಗ ಎಂದು ನಿನಗೇ ಗೊತ್ತು. ಅವರಿಗೋಸ್ಕರ ನೀನು ಹಡಗು ತಪ್ಪಿಸಿಕೊಳ್ಳಬೇಡ. ಅಷ್ಟು ಹೇಳಿದ್ದೇನೆ.

ಪಾಸ್‌ಪೋರ್ಟನ್ನು ಹಡಗಿನವರೇ ಇಟ್ಟುಕೊಂಡು ಒಂದು ಕಾರ್ಡು ಕೊಡಬಹುದಂತೆ. ಅದೇ ರೂಮಿನ ಬೀಗದ ಕೈ, ಅದೇ ಗುರುತು. ಕತ್ತಿಗೆ ಹಾಕಿಕೊ. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ನಿನ್ನ ಹತ್ತಿರ, ಒಂದು ಅಳಿಯಂದಿರ ಹತ್ತಿರ ಇರಲಿ. ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅದು ರೂಮಿಗೆ ಬರುವಷ್ಟರಲ್ಲಿ ಸಂಜೆಯಾದರೂ ಆಯಿತು. ಒಂದು ಜೊತೆ ಬಟ್ಟೆ, ಮಾತ್ರೆ ಕೈಚೀಲದಲ್ಲೇ ಇಟ್ಟುಕೊ.

ಇನ್ನೊಂದು ಮುಖ್ಯ. ಸಿಂಗಾಪುರಕ್ಕೆ ಗಸಗಸೆ ಒಯ್ಯುವ ಹಾಗಿಲ್ಲ! ನಮ್ಮ ಪಾಯಸದ ಗಸಗಸೆ ಅಲ್ಲಿ ಅಫೀಮಿನ ಲೆಕ್ಕವಂತೆ. ಬಾಯಲ್ಲಿ ಅಗಿಯುವ ಹೊಗೆಸೊಪ್ಪೂ ಕೂಡದು. ನಿಮ್ಮತ್ತೆ ಎಲ್ಲಿಗೆ ಹೋದರೂ ಮಸಾಲೆಪುಡಿ ಡಬ್ಬಿ, ಸೊಂಟದಲ್ಲಿ ಎಲೆಯಡಿಕೆ ಚೀಲ ಬಿಡುವವರಲ್ಲ. ನಿಜ ಹೇಳಲಾ? ಇದನ್ನು ಬರೆಯುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಪೊಲೀಸರು ಹಿಡಿದರೆ ನಿನ್ನನ್ನೂ ನಿಲ್ಲಿಸುತ್ತಾರಲ್ಲ ಎಂದು ಬರೆದೆ.

ಹಡಗು ಓಲಾಡುತ್ತದೆ. ಕೆಳಗಿನ ಅಂತಸ್ತಿನ ನಡುಮಧ್ಯದ ರೂಮು ಸಿಕ್ಕರೆ ಒಳ್ಳೆಯದು, ಅಲ್ಲಿ ಓಲಾಟ ಕಮ್ಮಿ. ಬರೀ ಹೊಟ್ಟೆಯಲ್ಲಿ ಇರಬೇಡ, ಶುಂಠಿ ಬಾಯಲ್ಲಿಟ್ಟುಕೊ. ಊಟಿ ಬಸ್ಸು ಬಂಡೀಪುರ ದಾಟಿ ಘಾಟಿ ಹತ್ತಿತೆಂದರೆ ವಾಂತಿ ಮಾಡಿಕೊಳ್ಳುತ್ತಿದ್ದ ಹುಡುಗಿ ನೀನು. ಆಗೆಲ್ಲ ನಿನ್ನ ಹಣೆ ಹಿಡಿದು ಕೂತಿದ್ದವಳು ನಾನು. ಈಗ ಯಾರು ಹಿಡಿಯುತ್ತಾರೆ? ನಿಮ್ಮತ್ತೆ ಹಿಡಿಯುತ್ತಾರಾ? ಹಿಡಿದರೆ ಅದೂ ನನಗೆ ಸಂಕಟವೇ.

ಹಡಗು ಹತ್ತುವ ಮೆಟ್ಟಿಲ ಹತ್ತಿರ ಕ್ಯಾಮೆರಾದವರು ಫೋಟೋ ತೆಗೆದು ಆಮೇಲೆ ಮಾರುತ್ತಾರಂತೆ. ಎಲ್ಲವನ್ನೂ ಕೊಳ್ಳಬೇಡ. ನೀನೊಬ್ಬಳೇ ಇರುವುದು ಒಂದು ಸಾಕು. ನಿಮ್ಮತ್ತೆ ನಿನ್ನ ಭುಜದ ಮೇಲೆ ಕೈಹಾಕಿ ನಿಂತಿರುವ ಫೋಟೋವನ್ನು ನನಗೆ ತಂದು ತೋರಿಸಬೇಡ.

ಇದನ್ನು ಓದಿ ಕೇಳಿಸಿದಾಗ ನಿಮ್ಮಪ್ಪ ನಕ್ಕು, "ಒಟ್ಟೆಕಿಚ್ಚೇನಮ್ಮಿ?" ಎಂದರು. ಹೌದು, ಹೊಟ್ಟೆಕಿಚ್ಚೇ. ಹೊಟ್ಟೆ ಉರಿಯುತ್ತಿದೆ. ಹೆತ್ತವಳು ಸಗಣಿ ಬಾಚಿಕೊಂಡು ಇರಬೇಕು, ನೀನು ಮದುವೆಯಾದ ಮೇಲೆ ಸಿಕ್ಕವರು ಸಮುದ್ರ ನೋಡಬೇಕು!

ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತು. ಯುಗಾದಿಗೆ ಬಂದಾಗ ಮೊದಲು ಕರೆದದ್ದು ನನ್ನನ್ನೇ. "ಅವ್ವಾ, ನೀನೂ ಬಾ, ಓಗನ" ಎಂದೆ. ನಾನು "ಅಯ್ಯೋ, ನಂಗ್ಯಾಕವ್ವ ಹಡಗು, ನಿಮ್ಮಪ್ಪಂಗೆ ಬೇಯ್ಸಾಕೋರ್ಯಾರು" ಎಂದೆ. ನೀನು "ಸರಿ ಬುಡು" ಎಂದು ಒಬ್ಬಟ್ಟು ತಿನ್ನಲು ಕೂತುಬಿಟ್ಟೆ! ಒಂದೇ ಮಾತಿಗೆ ಸರಿಯಾ? ನೆಂಟರು ಸಾಕು ಎಂದರೆ ನಾವು ಪಾಯಸದ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತೇವಾ? ಇನ್ನೆರಡು ಸಲ ಹೇಳಿ ಬಡಿಸುತ್ತೇವೆ. ಇಷ್ಟು ಕಲಿಸದೆಯೇ ನಿನ್ನನ್ನು ಬೆಳೆಸಿದೆನೇ? ನೀನು ಎರಡನೇ ಸಲ ಕೇಳುತ್ತೀಯೆಂದು ನೀನು ಬಸ್ಸು ಹತ್ತುವ ತನಕ ಕಾದೆ ಕಣಮ್ಮಿ.

ಸಾಕು. ಕಣ್ಣು ಮಂಜಾಗುತ್ತಿದೆ. ನಾಳೆ ನಿಯಾಜ್ ಚಾಮರಾಜನಗರಕ್ಕೆ ಬರುತ್ತಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಹುಷಾರಾಗಿ ಹೋಗಿ ಬಾ.

ನಿನ್ನ ಹೆತ್ತವ್ವ,
ಚಂದ್ರಮತಿ

ಇನ್ನೊಂದು ಮಾತು: ಕಾಗದ ಮಡಿಸುತ್ತಿದ್ದಾಗ ಫೋನು ಬಂತು. ನಿಮ್ಮತ್ತೆಯದು. "ಚಂದ್ರಮತಮ್ಮಾ, ನಂಗೆ ನೀರ್ ಕಂಡ್ರೆ ಭಯ ಕಣವ್ವ. ಮಗ ಬೇಜಾರ್ ಮಾಡ್ಕತಾನೆ ಅಂತ ಒಪ್ಕಂಡಿದ್ದೆ. ಬುಧವಾರದ ಗಂಟ ಹೆಸ್ರು ಬದಲಾಯ್ಸಬೋದಂತೆ. ಹೆತ್ತೋರು ನೀವು, ನೀವೇ ಓಗ್ಬನ್ನಿ" ಎಂದರು. ನಾನು ಏನೆಂದೆ ಗೊತ್ತಾ? "ಛೇ ಛೇ, ಎಲ್ಲಾರ ಉಂಟಾ, ನೀವೇ ಓಗ್ಬನ್ನಿ" ಎಂದುಬಿಟ್ಟೆ! ನನ್ನ ಬಾಯಿಗೆ ಬೆಂಕಿ ಬೀಳ. ಅವರೂ "ಆಯ್ತು, ನಿಮ್ಮಿಷ್ಟ" ಎಂದು ಫೋನು ಇಟ್ಟರು.

ಯುಗಾದಿಯಾದ ಮರುವಾರವೇ ನಿಮ್ಮೂರಿನ ಜಿಲ್ಲಾ ಕಚೇರಿಗೆ ಬಂದು, ನಿನಗೂ ಹೇಳದೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಹೋಗಿದ್ದೆ. ಅದು ಬಂದು ತಿಂಗಳಾಯಿತು, ರೇಷ್ಮೆ ಸೀರೆಯ ಮಡಿಕೆಯಲ್ಲಿದೆ. ನಿಮ್ಮಪ್ಪ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಾರಂತೆ, ಹಸುವನ್ನು ಆಮಿನಾ ನೋಡಿಕೊಳ್ಳುತ್ತಾಳಂತೆ. ಇದು ತಲುಪಿದ ಕೂಡಲೇ ಫೋನು ಮಾಡಿ ನನ್ನನ್ನು ಕರಿ. ನಾನು ಬೇಡ ಎಂದೇ ಅನ್ನುತ್ತೇನೆ. ನೀನು ಬಿಡಬೇಡ.